ಏಳು ಕಟ್ಟು, ಐದು ಕಡ್ಡಿ

ಫರಂಗಿಪೇಟೆ
22 ಏಪ್ರಿಲ್ 2007, ಆದಿತ್ಯವಾರ

ಪ್ರೀತಿಯ ಅಬ್ಬನಿಗೆ ಮುಬೀನಳ ಸಲಾಂ.

ಫೋನಿನಲ್ಲಿ ನಮ್ಮಿಬ್ಬರದು ಯಾವಾಗಲೂ ಅಷ್ಟೇ. ಸೌಖ್ಯವಾ, ಸೌಖ್ಯ, ಊಟ ಆಯಿತಾ, ಆಯಿತು, ಅಷ್ಟರಲ್ಲಿ ನಿಮ್ಮ ಕಾರ್ಡು ಮುಗಿಯುತ್ತದೆ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ಮಾತಾಡುವುದು ಬ್ಯಾರಿಯಲ್ಲಿ, ಬರೆಯುವುದು ಕನ್ನಡದಲ್ಲಿ ಎಂದು ನೀವೇ ನನಗೆ ಅಭ್ಯಾಸ ಮಾಡಿಸಿದ್ದು. ಕನ್ನಡದಲ್ಲಿ ಬರೆಯುವಾಗ ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ವಿಷಯ ಇನ್‌ಕಂ ಟ್ಯಾಕ್ಸಿನದು. ಜನವರಿಯಲ್ಲಿ ಬಂದು ಅಡ್ಯಾರಿನ ಹತ್ತು ಸೆಂಟ್ಸ್ ಜಾಗ ಮಾರಿ ಹೋದಿರಲ್ಲ, ಕೊಂಡವರು ನೀವು ವಿದೇಶದಲ್ಲಿರುವವರೆಂದು ತೆರಿಗೆ ಹಿಡಿದುಕೊಂಡೇ ಉಳಿದದ್ದನ್ನು ಕೊಟ್ಟರು. ಅದರಲ್ಲಿ ಹೆಚ್ಚಿನದು ನಿಮಗೆ ವಾಪಸು ಬರಬೇಕಾದದ್ದು. ಆದರೆ ರಿಟರ್ನ್ಸ್ ಹಾಕದೆ ಬರುವುದಿಲ್ಲ. ನಮ್ಮ ಆಡಿಟರ್ ಲಿಡ್ವಿನ್ ಸರ್, "ಎಲ್ಲರ ಕಾಗದ ನೋಡುತ್ತೀ, ನಿನ್ನ ತಂದೆಯದ್ದು ಮಾತ್ರ ಬಿಟ್ಟಿದ್ದೀಯಲ್ಲ ಮಾರಾಯ್ತಿ" ಎಂದು ಆಫೀಸಿನಲ್ಲಿ ಎಲ್ಲರೆದುರು ಹೇಳಿದರು. ಜುಲೈ ಮೂವತ್ತೊಂದು ಕೊನೆಯ ದಿನ.

ಬೇಕಾದದ್ದು: ಜಾಗ ಮಾರಿದ ಪತ್ರದ ನಕಲು, ಅದನ್ನು ಕೊಂಡ ಕಾಲದ ಹಳೆಯ ಪತ್ರ, ತೆರಿಗೆ ಹಿಡಿದದ್ದಕ್ಕೆ ಕೊಟ್ಟ 16ಎ ಚೀಟಿ, ಬ್ಯಾಂಕಿನ ಬಡ್ಡಿಯ ಪತ್ರ, ಪ್ಯಾನ್ ಕಾರ್ಡಿನ ನಕಲು. ಯಾವ ಫಾರಂ ಎಂದು ಈಗಲೇ ಹೇಳಲಾರೆ. ಇಷ್ಟು ವರ್ಷ ಇದ್ದ ಒಂದೇ ಹಾಳೆಯ 'ಸರಳ್' ಈ ವರ್ಷ ಇಲ್ಲವಂತೆ, ಹೊಸದು ಬರುತ್ತದಂತೆ.

ಇನ್ನೊಂದು, ನಿಮ್ಮ ಎರಡೂ ಪಾಸ್‌ಪೋರ್ಟುಗಳ ಎಲ್ಲ ಪುಟಗಳ ನಕಲು ಬೇಕು. ಆಗಸ್ಟಿಗೆ ನಿಮ್ಮ ವೀಸಾ ಮುಗಿಯುತ್ತದಲ್ಲ. ನೀವು ಊರಿಗೇ ಬಂದುಬಿಟ್ಟರೆ, ಹಿಂದಿನ ಏಳು ವರ್ಷಗಳಲ್ಲಿ ಇಂಡಿಯಾದಲ್ಲಿ ಎಷ್ಟು ದಿನ ಇದ್ದಿರಿ ಎಂದು ಇಲಾಖೆ ಕೇಳಬಹುದು. ಏಳುನೂರ ಇಪ್ಪತ್ತೊಂಬತ್ತು ದಿನ ದಾಟದಿದ್ದರೆ ನಿಮ್ಮ ಗಲ್ಫ್ ದುಡ್ಡಿಗೆ ಇಲ್ಲಿ ಸದ್ಯಕ್ಕೆ ತೆರಿಗೆಯ ಭಯ ಇಲ್ಲ. ಆ ಲೆಕ್ಕ ಬರೆದು ಫೈಲಿನಲ್ಲಿಡಬೇಕು. ನೀವು ಎಣಿಸುವುದು ಬೇಡ ಅಬ್ಬಾ. ಪುಟಗಳನ್ನಷ್ಟೇ ಕಳಿಸಿ, ದಿನಗಳನ್ನು ನಾನು ಎಣಿಸುತ್ತೇನೆ.

ಜಮೀಲ ಮಾಮಿ ತನ್ನ ತಮ್ಮನಿಗೆ, ಅಂದರೆ ನಿಮಗೆ, ಸಲಾಂ ಹೇಳಲು ಹೇಳಿದರು. ಮಂಡಿನೋವು ಹಾಗೇ ಇದೆ, ಬಾಯಿಗೆ ಏನೂ ತೊಂದರೆ ಇಲ್ಲ.

ನಿಮ್ಮ ಮಗಳು
ಮುಬೀನ

*

ಅಬೂಧಾಬಿ
6 ಮೇ 2007

ಮಗಳು ಮುಬೀನಳಿಗೆ ಅಬ್ಬನ ಸಲಾಂ ಮತ್ತು ದುಆ.

ಕಾಗದ ಸಿಕ್ಕಿತು. ಶುಕ್ರವಾರ ಜುಮಾ ಮುಗಿಸಿ ಬಂದು ಮಂಚದ ಅಡಿಯ ಟ್ರಂಕು ಎಳೆದೆ. ಈ ಟೂರಿಸ್ಟ್ ಕ್ಲಬ್ ಏರಿಯಾದ ರೂಮಿನಲ್ಲಿ ಐದು ಜನರಿಗೆ ಐದು ಮಂಚ, ಐದು ಟ್ರಂಕು. ಒಬ್ಬ ತನ್ನದನ್ನು ಎಳೆದರೆ ನಾಲ್ವರು ಕಾಲು ಮೇಲೆ ಮಾಡಿ ಕೂರಬೇಕು. ನಮ್ಮ ಹಂಝ, "ಏನು ಹಸನಬ್ಬ, ನಿಧಿ ಹುಡುಕುತ್ತಾ ಇದ್ದೀಯಾ" ಎಂದ. ಮಗಳು ಆಡಿಟರ್ ಆಫೀಸಿನಿಂದ ನೋಟೀಸು ಕಳಿಸಿದ್ದಾಳೆ ಎಂದೆ. ಎಲ್ಲರೂ ನಕ್ಕರು. ಆದರೆ ನಿನ್ನ ಪಟ್ಟಿಯನ್ನು ರೂಮಿನಲ್ಲಿ ಎಲ್ಲರೂ ಒಂದೊಂದು ಸಲ ಓದಿದ್ದಾರೆ. ಅಷ್ಟು ಓದಿದ ಮಗಳು ಇಲ್ಲಿ ಬೇರೆ ಯಾರಿಗೂ ಇಲ್ಲ, ನನಗೆ ಅದರ ಜಂಬ ಇದೆ.

16ಎ ಚೀಟಿ, ಎರಡು ಪತ್ರಗಳ ನಕಲು, ಬ್ಯಾಂಕಿನದು, ಪ್ಯಾನಿನದು ಇದರೊಂದಿಗೆ ಇಟ್ಟಿದ್ದೇನೆ. ಹಳೆಯ ಪತ್ರದ ಮೂರನೆಯ ಪುಟದಲ್ಲಿ ಎಣ್ಣೆ ಕಲೆ ಇದೆ, ಅದು ನಿನ್ನ ಉಮ್ಮ ಮಾಡಿದ್ದು. ಜಾಗ ಕೊಂಡ ದಿನ ಪತ್ರವನ್ನು ಕೈಯಲ್ಲಿ ಹಿಡಿದು ನೋಡಬೇಕು ಎಂದಳು. ಓದಲು ಬಾರದಿದ್ದರೂ ಪ್ರತಿ ಪುಟ ಮಗುಚಿ ನೋಡಿದಳು. ಅಡುಗೆ ಕೈ.

ಹೊಸ ಪಾಸ್‌ಪೋರ್ಟು ಕಂಪೆನಿಯ ಬೀರುವಿನಲ್ಲಿದೆ. ಬೀರುವಿನ ಕೀಲಿ ಇರುವ ಅಹ್ಮದ್, "ಪಾಸ್‌ಪೋರ್ಟ್ ಯಾಕೆ, ಖಲಾಸ್, ಊರಿಗೆ ಹೊರಟೆಯಾ" ಎಂದು ಕೇಳಿದ. ಇಲ್ಲ, ಮಗಳಿಗೆ ಬೇಕು ಎಂದೆ. ಸಹಿ ಹಾಕಿಸಿಕೊಂಡು ಒಂದು ಗಂಟೆಗೆ ಕೊಟ್ಟ. ಹಮ್ದಾನ್ ಸ್ಟ್ರೀಟಿನ ಅಂಗಡಿಯಲ್ಲಿ ನಕಲು ತೆಗೆಸಿದರೆ ಸೀಲುಗಳೆಲ್ಲ ಕರಿ ಕಲೆಗಳಾಗಿ ಬಂದಿವೆ. ಅದನ್ನು ಕಳಿಸುವುದಿಲ್ಲ. ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟು ಟ್ರಂಕಿನಲ್ಲೇ ಇದೆ. ಎರಡನ್ನೂ ಬೇರೆ ಕಡೆ ಸರಿಯಾಗಿ ತೆಗೆಸಿ ಕಳಿಸುತ್ತೇನೆ.

ನೀವು ಎಣಿಸುವುದು ಬೇಡ ಎಂದು ಬರೆದಿದ್ದೀ. ಇಪ್ಪತ್ತಮೂರು ವರ್ಷ ಸ್ಟೋರ್ ಕೀಪರ್ ಆಗಿ ನಲ್ಲಿ, ಪೈಪು, ಎಲ್ಬೋ ಎಣಿಸಿದವನಿಗೆ ಹೇಳುವ ಮಾತಾ ಇದು? ಮೀನಿಗೆ ಈಜು ಕಲಿಸಬೇಡ.

ಬರುವ ವಿಷಯ ಈಗಲೇ ಹೇಳುವುದು ಕಷ್ಟ. ಸ್ಟಾಕ್ ಲೆಕ್ಕ ಮುಗಿಯಬೇಕು. ಕಂಪೆನಿಯ ಧಣಿ, ನಮ್ಮ ಅರಬಾಬ್, ಒಳ್ಳೆಯವನು, ಬೇಕಾದರೆ ವೀಸಾ ಇನ್ನೂ ಮೂರು ವರ್ಷಕ್ಕೆ ಹೊಡೆಸುತ್ತೇನೆ ಎನ್ನುತ್ತಾನೆ. ನೋಡುವ.

ಇತಿ ನಿನ್ನ ಅಬ್ಬ
ಹಸನಬ್ಬ

*

ಫರಂಗಿಪೇಟೆ
25 ಮೇ 2007

ಪ್ರೀತಿಯ ಅಬ್ಬಾ,

ಲಕೋಟೆ ತಲುಪಿತು. ಎಣ್ಣೆ ಕಲೆಯ ಪುಟವನ್ನು ಆಫೀಸಿನಲ್ಲಿ ಬಿಡಲು ಮನಸ್ಸಾಗಲಿಲ್ಲ, ಅದರ ಇನ್ನೊಂದು ನಕಲು ತೆಗೆದು ಫೈಲಿಗೆ ಹಾಕಿ ನೀವು ಕಳಿಸಿದ್ದನ್ನು ಮನೆಗೆ ತಂದಿದ್ದೇನೆ. ನಕಲಿನ ನಕಲು. ಲಿಡ್ವಿನ್ ಸರ್ ಕಣ್ಣಿಗೆ ಬಿದ್ದರೆ ಬೈಯುತ್ತಾರೆ.

ಹೊಸ ಫಾರಂಗಳು ಬಂದವು. ಒಂದಲ್ಲ, ಎಂಟು. ಆಫೀಸಿನಲ್ಲಿ ಒಂದು ವಾರ ಎಲ್ಲರೂ ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಗಿದ್ದೆವು. ಸಂಬಳ ಮತ್ತು ಬಡ್ಡಿ ಮಾತ್ರ ಇದ್ದವರಿಗೆ ಒಂದನೆಯದು. ನಿಮ್ಮದು ಜಾಗ ಮಾರಿದ ಲಾಭ ಇರುವುದರಿಂದ ಎರಡನೆಯದು. ವ್ಯಾಪಾರ ಇಲ್ಲ, ಹಾಗಾಗಿ ನಾಲ್ಕನೆಯದು ಬೇಡ. ಒಂದು ವಿಚಿತ್ರ ಎಂದರೆ, ಈ ಸಲ ಫಾರಮಿಗೆ ಯಾವ ದಾಖಲೆಯನ್ನೂ ಲಗತ್ತಿಸಬಾರದಂತೆ. ಒಂದು ಚೀಟಿ ಕೂಡ ಬೇಡ. ಎಲ್ಲ ಕಾಗದ ನಮ್ಮಲ್ಲೇ ಇರಬೇಕು, ಅವರು ಕೇಳಿದರೆ ಮಾತ್ರ ತೋರಿಸಬೇಕು. ಕೆಳಗೆ ಸಹಿ ಹಾಕಿದವನು ಹೇಳಿದ್ದು ಸತ್ಯ ಎಂದು ನಂಬುತ್ತಾರೆ.

ಪಾಸ್‌ಪೋರ್ಟಿನ ಪುಟಗಳು ಇನ್ನೂ ಬಂದಿಲ್ಲ. ಪುಟಗಳು ಮಾತ್ರ ಸಾಕು ಅಬ್ಬಾ. ನಿಮ್ಮ ಎಣಿಕೆಯ ಮೇಲೆ ನನಗೆ ಅನುಮಾನ ಇದೆ ಅಂತಲ್ಲ, ಆಫೀಸಿನ ನಮೂನೆ ಬೇರೆ ಇದೆ. ನೀವು ಸುಮ್ಮನೆ ತಲೆ ಕೆಡಿಸಿಕೊಳ್ಳುವುದು ಬೇಡ.

ಬರುವ ವಿಷಯದಲ್ಲಿ ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ. ಒಂದು ಮಾತು ಕೇಳಿಬಿಡುತ್ತೇನೆ. ಉಮ್ಮ ಹೋದ ಮೇಲೆ ಮೂರು ಸಲ ಬಂದಿರಿ. ಮೂರು ಸಲವೂ ಚಾವಡಿಯ ಬೆಂಚಿನಲ್ಲೇ ಮಲಗಿದಿರಿ. ಉಮ್ಮ ಮಲಗಿದ್ದ ಕೋಣೆಯ ಬಾಗಿಲು ದಾಟಲಿಲ್ಲ. ನಿಮ್ಮ ಬಟ್ಟೆ ಆ ಕೋಣೆಯ ಕಪಾಟಿನಲ್ಲಿದ್ದರೆ ತಂದುಕೊಡಲು ನನ್ನನ್ನು ಕರೆಯುತ್ತಿದ್ದಿರಿ. ಮಾಮಿ ಈಗ ಆ ಕೋಣೆಗೆ ಸುಣ್ಣ ಬಳಿಸಬೇಕೆಂದು ಹೊರಟಿದ್ದಾರೆ, "ಅವನು ಬಂದರೆ ಇನ್ನು ಬೆಂಚಿನಲ್ಲಿ ಮಲಗುವ ಪ್ರಾಯ ಅಲ್ಲ" ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೇನೆ. ನೀವು ಮೂರು ವರ್ಷದ ವೀಸಾ ಹೊಡೆಸಿಕೊಂಡರೆ ನನಗೆ ತುಂಬ ಬೇಸರವಾಗುತ್ತದೆ. ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ಬರೆದೆ.

ನಿಮ್ಮ ದಾರಿ ನೋಡುತ್ತಾ
ಮುಬೀನ

*

ಅಬೂಧಾಬಿ
10 ಜೂನ್ 2007

ಮುಬೀನಳಿಗೆ,

ಪಾಸ್‌ಪೋರ್ಟಿನ ಪುಟಗಳು ಇದರೊಂದಿಗಿವೆ, ಈ ಸಲ ಸೀಲುಗಳು ಸರಿಯಾಗಿ ಕಾಣುತ್ತವೆ. ಸರಕಾರದ ವರ್ಷ ಏಪ್ರಿಲಿನಿಂದ ಮಾರ್ಚಿಗೆ ಎಂದು ಗೊತ್ತಿರುವುದರಿಂದ ಹಾಗೇ ಬರೆದಿದ್ದೇನೆ. ಬಂದ ದಿನ, ಹೋದ ದಿನ ಎರಡನ್ನೂ ಹಿಡಿದಿದ್ದೇನೆ.

2000–01: 89 ದಿನ
2001–02: ಇಲ್ಲ
2002–03: 31 ದಿನ
2003–04: ಇಲ್ಲ
2004–05: 30 ದಿನ
2005–06: ಇಲ್ಲ
2006–07: 14 ದಿನ

ಒಟ್ಟು ನೂರ ಅರವತ್ತನಾಲ್ಕು. ಏಳು ವರ್ಷಗಳನ್ನು ಕೂಡಿಸಿದರೂ ಅರ್ಧ ವರ್ಷ ಆಗಲಿಲ್ಲ. ನಿನ್ನ ಇಲಾಖೆಗೆ ಸಂತೋಷವಾಗಬಹುದು.

ಈಗ ನೀನು ನನಗೆ ಒಂದು ಹೇಳಬೇಕು. ಎರಡು ಕಾಗದಗಳಲ್ಲಿ ಮೂರು ಸಲ, ಎಣಿಸಬೇಡಿ ಎಂದು ಬರೆದಿದ್ದೀ. ಸ್ಟೋರಿನಲ್ಲಿ ಯಾರಾದರೂ ಒಂದು ಶೆಲ್ಫನ್ನು ಮಾತ್ರ ನೋಡಬೇಡಿ ಎಂದರೆ ನಾನು ಮೊದಲು ನೋಡುವುದು ಅದನ್ನೇ. ಯಾಕೆ ಬೇಡ ಅಂದೆ?

ಅಬ್ಬ

*

ಫರಂಗಿಪೇಟೆ
18 ಜೂನ್ 2007

ಪ್ರೀತಿಯ ಅಬ್ಬಾ,

ನಿಮ್ಮ ಪಟ್ಟಿಯ ಮೊದಲ ಸಾಲನ್ನು ನಿಮ್ಮ ಕೈಬರಹದಲ್ಲೇ ಓದಿದೆ. ಅದೇ ಸಾಲು ನಿಮಗೆ ಕಾಣಬಾರದೆಂದು ಇಷ್ಟೆಲ್ಲ ಮಾಡಿದ್ದು.

ಹೇಳುತ್ತೇನೆ. ಆಗ ನನಗೆ ಹದಿನೈದು. ನೀವು ಕೆಲಸ ಮಾಡುತ್ತಿದ್ದ ಹಳೆಯ ಅಂಗಡಿ ಮುಚ್ಚಿ, 1999ರ ಡಿಸೆಂಬರಿನಲ್ಲಿ ಬಂದಿರಿ. ಉಮ್ಮನ ಹೊಟ್ಟೆಯ ಗಡ್ಡೆಗೆ ಇನ್ನು ಆಪರೇಷನ್ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೂ ಅದೇ ತಿಂಗಳು. ಗಲ್ಫಿನವರು ವರ್ಷಕ್ಕೆ ನೂರ ಎಂಬತ್ತೆರಡು ದಿನ ಇಲ್ಲಿದ್ದರೆ ಅಲ್ಲಿ ದುಡಿದದ್ದಕ್ಕೆಲ್ಲ ಇಲ್ಲಿ ತೆರಿಗೆ ಬೀಳುತ್ತದೆ, ರೂಮಿನ ಹಂಝ ಹೇಳಿದ್ದಾನೆ, ಎಂದು ನೀವು ಎಲ್ಲರಿಗೂ ಹೇಳಿದಿರಿ. ಜನವರಿ ಒಂದರಿಂದ ಎಣಿಸಿದಿರಿ. ಜೂನ್ 28ಕ್ಕೆ ನೂರ ಎಂಬತ್ತು. ಅಂದು ಬೊಂಬಾಯಿಯಿಂದ ವಿಮಾನ ಹತ್ತಿದಿರಿ. ಇಪ್ಪತ್ತೊಂದನೆಯ ದಿನ ಉಮ್ಮ ಹೋದರು. ಅಂದೇ ಸಂಜೆಯ ಅಸರ್ ನಮಾಝಿನ ಮೊದಲು ಮಣ್ಣು ಮಾಡಿದೆವು. ನೀವು ಬರಲಿಲ್ಲ. ಸರಕಾರದ ಕಾನೂನು, ಪಾಪ ಅವನೇನು ಮಾಡಿಯಾನು ಎಂದು ಬಂದವರೆಲ್ಲ ಹೇಳಿದರು. ನಾನು ಆ ಕಾನೂನನ್ನು ದ್ವೇಷಿಸಿದೆ. ಬಿ.ಕಾಂ. ಸೇರಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಕೆಲಸ ಸಿಗುತ್ತದೆ ಎನ್ನುತ್ತಿದ್ದೆ. ನಿಜವಾಗಿ ನನಗೆ ಆ ಕಾನೂನನ್ನು ಒಮ್ಮೆ ಕಣ್ಣಾರೆ ಓದಬೇಕಿತ್ತು.

ಎರಡನೆಯ ವರ್ಷದಲ್ಲಿ ಓದಿದೆ. ವರ್ಷ ಎಂದರೆ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದು ಎಂದು ಮೇಡಂ ಬೋರ್ಡಿನಲ್ಲಿ ಬರೆದರು. ನನ್ನ ಪೆನ್ನು ಅಲ್ಲೇ ನಿಂತಿತು. ಡಿಸೆಂಬರಿನಿಂದ ಮಾರ್ಚಿನವರೆಗೆ ಒಂದು ವರ್ಷಕ್ಕೆ ಸೇರಿತು, ಏಪ್ರಿಲಿನಿಂದ ಹೊಸ ವರ್ಷ. ನೀವು ಹೊರಟ ದಿನಕ್ಕೆ ಎಂಬತ್ತೊಂಬತ್ತು ದಿನ ಅಷ್ಟೇ ಆಗಿತ್ತು. ಸೆಪ್ಟೆಂಬರ್ ಕೊನೆಯವರೆಗೆ ನೀವು ಇರಬಹುದಿತ್ತು. ಉಮ್ಮನ ಬಾಯಿಗೆ ಕೊನೆಯ ನೀರು ಬಿಡಬಹುದಿತ್ತು.

ಇದು ನಿಮಗೆ ಗೊತ್ತಾಗಬಾರದು ಎಂದು ಮೂರು ವರ್ಷದಿಂದ ನಿಮ್ಮ ರಿಟರ್ನ್ಸಿನ ಮಾತೇ ಎತ್ತಿರಲಿಲ್ಲ. ನೀವು ಎಣಿಸಿದರೆ ನಿಮ್ಮ ಎದೆ ಒಡೆಯುತ್ತದೆ ಎಂದು ಹೆದರಿದ್ದೆ. ತಪ್ಪು ನಿಮ್ಮದಲ್ಲ ಅಬ್ಬಾ. ಹಂಝಾಕ ಹೇಳಿದ್ದನ್ನು ನಂಬಿದಿರಿ. ಗಲ್ಫಿನವರಲ್ಲಿ ಎಷ್ಟೋ ಜನ ಇವತ್ತಿಗೂ ಹಾಗೇ ಎಣಿಸುತ್ತಾರೆ, ನಮ್ಮ ಆಫೀಸಿಗೇ ಬರುತ್ತಾರೆ. ನಾನು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡದ್ದನ್ನು ಎಂದೋ ಬಿಟ್ಟಿದ್ದೇನೆ.

ಈ ಕಾಗದ ಸಿಕ್ಕಿದ ಮೇಲೆ ಒಬ್ಬರೇ ಕೂರಬೇಡಿ. ಹಂಝಾಕನ ಹತ್ತಿರ ಕೂತು ಚಾ ಕುಡಿಯಿರಿ. ಅವರಿಗೆ ಬೈಯಬೇಡಿ.

ನಿಮ್ಮ
ಮುಬೀನ

*

ಅಬೂಧಾಬಿ
28 ಜೂನ್ 2007

ಮುಬೀನ,

ನಿನ್ನ ಕಾಗದವನ್ನು ಸ್ಟೋರಿನಲ್ಲಿ ಪೈಪುಗಳ ನಡುವೆ ಕೂತು ಓದಿದೆ. ಮೂರು ದಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ತಾರೀಕು ನೋಡಿದೆ, ಅಂದು ನಾನು ವಿಮಾನ ಹತ್ತಿದ ದಿನವೇ. ಇವತ್ತು ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ಹಂಝನಿಗೆ ನಾನು ಯಾಕೆ ಬೈಯಲಿ. ಅವನು ತನಗೆ ಗೊತ್ತಿದ್ದದ್ದನ್ನು ಹೇಳಿದ. ನಾನು ತಪ್ಪಾಗಿ ತಿಳಿದುಕೊಂಡಿದ್ದದ್ದು ಆ ವರ್ಷದ ಜನವರಿಯಿಂದ ಮೇ ತಿಂಗಳವರೆಗೆ ಮಾತ್ರ. ಮೇ ತಿಂಗಳಲ್ಲಿ ಡೆಪಾಸಿಟ್ ಬದಲಿಸಲು ಮಂಗಳೂರಿನ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿಯ ಮ್ಯಾನೇಜರು, "ಯಾವಾಗ ವಾಪಸು" ಎಂದು ಕೇಳಿದರು. ಜೂನ್ ಕೊನೆಗೆ, ಲೆಕ್ಕ ಮುಗಿಯುತ್ತದೆ ಎಂದೆ. ಅವರು ನಕ್ಕು, "ಸಾಯ್ಬರೇ, ನಮ್ಮ ವರ್ಷ ಏಪ್ರಿಲಿಗೆ ಶುರು. ನಿಮಗೆ ಇನ್ನೂ ಬೇಕಾದಷ್ಟು ದಿನ ಉಂಟು, ಹೆಂಡತಿಯ ಹತ್ತಿರ ಇರಿ" ಎಂದರು.

ಬಸ್ಸಿನಲ್ಲಿ ಬರುವಾಗ ಜುಬೈದಳಿಗೆ ಹೇಳಬೇಕು ಎಂದುಕೊಂಡೇ ಬಂದೆ. ಮನೆಯ ಮೆಟ್ಟಿಲು ಹತ್ತುವಾಗ ಅವಳ ನರಳಾಟ ಕೇಳಿತು. ನಾನು ಒಳಗೆ ಹೋಗಲಿಲ್ಲ, ತಿರುಗಿ ರಸ್ತೆಗೆ ಹೋದೆ. ಫರಂಗಿಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಕತ್ತಲಾಗುವವರೆಗೆ ಕೂತೆ. ಆಮೇಲೆ ದಿನಾ ಹಾಗೇ. ನೀನು ಶಾಲೆಯಿಂದ ಬಂದು ಅವಳ ಬಟ್ಟೆ ಬದಲಿಸುತ್ತಿದ್ದೆ, ನಾನು ಮೀನು ತರುವ ನೆವ ಹೇಳಿ ಹೊರಗಿರುತ್ತಿದ್ದೆ. ಗಂಡಸು ನಾನು, ಮರಳುಗಾಡಿನ ಬಿಸಿಲಿನಲ್ಲಿ ಲಾರಿಯಿಂದ ಪೈಪು ಇಳಿಸಿದವನು. ಆ ಕೋಣೆಯೊಳಗೆ ಹತ್ತು ನಿಮಿಷ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ನಿನ್ನ ಉಮ್ಮನಿಗೆ ಓದಲು ಬಾರದು, ಆದರೆ ಬೀಡಿ ಕಟ್ಟಿದ ಕೈ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಅವಳ ಎಣಿಕೆ ಎಲ್ಲ ಆ ಕಟ್ಟಿನಲ್ಲೇ. ಜನವರಿಯಲ್ಲಿ ನಾನು ಈ ನೂರ ಎಂಬತ್ತೆರಡರ ಸಂಗತಿ ಹೇಳಿದಾಗಿನಿಂದ ಕಸ ಗುಡಿಸುವ ಹಿಡಿಸೂಡಿಯ ಕಡ್ಡಿಯನ್ನು ಬೀಡಿಯಷ್ಟು ಉದ್ದಕ್ಕೆ ಮುರಿದು ದಿನಕ್ಕೊಂದು ತೆಗೆದಿಡುತ್ತಿದ್ದಳು. ಇಪ್ಪತ್ತೈದಾದರೆ ಬೀಡಿ ನೂಲಿನಿಂದ ಕಟ್ಟುತ್ತಿದ್ದಳು. ಜೂನ್ ಇಪ್ಪತ್ತಕ್ಕೆ ನನ್ನನ್ನು ಕರೆದಳು. ಬಾಗಿಲಲ್ಲಿ ನಿಂತೆ.

"ಆರು ಕಟ್ಟು ಆಗಿದೆ. ಏಳನೆಯದಕ್ಕೆ ಮೂರು ಕಡ್ಡಿ ಬಾಕಿ. ನೀವು ಟಿಕೆಟ್ ಮಾಡಿದಿರಾ?" ಎಂದು ಕೇಳಿದಳು.

ಇಲ್ಲ ಎಂದು ತಲೆಯಾಡಿಸಿದೆ.

"ನನ್ನಿಂದಾಗಿ ನೀವು ಸರಕಾರದ ಕೈಗೆ ಸಿಕ್ಕಬಾರದು. ಇಷ್ಟು ವರ್ಷದ ದುಡಿಮೆ. ಹೋಗಿ. ಮಗಳಿದ್ದಾಳೆ, ಜಮೀಲಕ್ಕ ಇದ್ದಾರೆ" ಎಂದಳು.

ಆಗ ನಾನು ಹೇಳಬೇಕಿತ್ತು. ಏಪ್ರಿಲಿನಿಂದ ಹೊಸ ಲೆಕ್ಕ, ನಿನ್ನ ಕಟ್ಟುಗಳಲ್ಲಿ ಮೂರೂವರೆ ಕೂಡ ಆಗಿಲ್ಲ, ನಾನು ಇರಬಹುದು ಎಂದು. ಒಂದೇ ಮಾತು. ಅದರ ಬದಲು "ಹೂಂ" ಎಂದೆ. ಹೊಸ ಕೆಲಸದ ಅರಬಾಬ್ ರಮ್ಝಾನಿನ ಮೊದಲು ಬಂದರೆ ಸಾಕು ಎಂದಿದ್ದ, ಅದಕ್ಕೆ ಇನ್ನೂ ಐದು ತಿಂಗಳಿತ್ತು. ಮರುದಿನ ಹೋಗಿ ಟಿಕೆಟ್ ಮಾಡಿಸಿದೆ. ಕೌಂಟರಿನಲ್ಲಿ ದುಡ್ಡು ಕೊಡುವಾಗ ನನಗೆ ಹಗುರಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಹೊರಡುವ ದಿನ ಅವಳು, ಏಳು ಕಟ್ಟು ನಾಲ್ಕು ಕಡ್ಡಿ, ನಾಳೆ ಬೊಂಬಾಯಿಯಲ್ಲಿ ಒಂದು ದಿನ ಇರುತ್ತೀರಲ್ಲ, ಅದಕ್ಕೂ ಒಂದು ಇಟ್ಟಿದ್ದೇನೆ, ಎಂದಳು. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟು. ಅವಳಿಗೆ ನನ್ನ ಮನಸ್ಸು ಗೊತ್ತಿತ್ತೋ ಏನೋ, ಗೊತ್ತಿದ್ದೇ ಬಾಗಿಲು ತೆರೆದುಕೊಟ್ಟಳೋ ಏನೋ. ಏಳು ವರ್ಷದಿಂದ ಅದೊಂದನ್ನೇ ಯೋಚಿಸುತ್ತೇನೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಣಿಸಬೇಡಿ ಎಂದು ನೀನು ಬರೆದಾಗ ನಿನಗೆ ಎಲ್ಲ ಗೊತ್ತಾಗಿದೆ ಎಂದುಕೊಂಡೆ. ನೀನು ನನ್ನನ್ನು ಕಾಪಾಡಲು ಬರೆದದ್ದು ಎಂದು ಹೊಳೆಯಲಿಲ್ಲ. ನನ್ನ ಲೆಕ್ಕ ತಪ್ಪಿರಲಿಲ್ಲ ಮಗಳೇ. ನಾನು ಹೆದರಿ ಓಡಿದೆ.

ವೀಸಾದ ಕಾಗದಕ್ಕೆ ಅಹ್ಮದ್ ನನ್ನ ಸಹಿ ಕೇಳುತ್ತಿದ್ದಾನೆ. ಇದನ್ನು ಓದಿದ ಮೇಲೆ ನಾನು ಬರುವುದು ನಿನಗೆ ಬೇಡ ಎನಿಸಿದರೆ ಹಾಗೇ ಬರೆ. ನಾನು ಸಹಿ ಹಾಕುತ್ತೇನೆ. ಫಾರಮನ್ನು ಅಂಚೆಯಲ್ಲಿ ಕಳಿಸು, ಅದಕ್ಕೂ ಸಹಿ ಮಾಡಿ ಕಳಿಸುತ್ತೇನೆ.

ಹಸನಬ್ಬ

*

ಫರಂಗಿಪೇಟೆ
11 ಜುಲೈ 2007

ಅಬ್ಬಾ,

ನಿಮ್ಮ ಕಾಗದ ಬಂದು ಐದು ದಿನವಾಯಿತು. ಎರಡು ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಅಂಚೆಯಲ್ಲಿ ಫಾರಂ ಕಳಿಸುತ್ತೇನೆ ಎಂದು ಬರೆದಿದ್ದೆ. ಅದನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು.

ಎಣಿಕೆ ತಪ್ಪಿದವರನ್ನು ನಾನು ಕ್ಷಮಿಸಿ ಮೂರು ವರ್ಷವಾಗಿತ್ತು. ಆ ಮನುಷ್ಯ ಈಗ ಇಲ್ಲ. ಗೊತ್ತಿದ್ದೂ ಹೋದವರನ್ನು ಕ್ಷಮಿಸುವುದನ್ನು ಹೊಸದಾಗಿ ಶುರು ಮಾಡಬೇಕು. ನನಗೆ ತುಂಬ ಸಿಟ್ಟು ಬಂದಿದೆ. ಹದಿನೈದು ವರ್ಷದ ಹುಡುಗಿ ಒಬ್ಬಳೇ ಆ ಕೋಣೆಯಲ್ಲಿದ್ದಳು. ನನಗೂ ಹೆದರಿಕೆಯಾಗುತ್ತಿತ್ತು. ನನಗೆ ಹೋಗಲು ಬೇರೆ ದೇಶ ಇರಲಿಲ್ಲ, ಅಷ್ಟೇ.

ಮಾಮಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮೊನ್ನೆ ಸುಣ್ಣ ಬಳಿಯುವವರು ಬರುವ ಮೊದಲು ಕೋಣೆ ಖಾಲಿ ಮಾಡಿದೆ. ಉಮ್ಮ ಕಡ್ಡಿ ಇಡುತ್ತಿದ್ದ ಬಿಸ್ಕತ್ತಿನ ಡಬ್ಬಿ ನನ್ನ ಹತ್ತಿರವೇ ಇದೆ, ನೀವು ನೋಡಿರಲಾರಿರಿ. ಏಳು ಕಟ್ಟು, ಐದು ಕಡ್ಡಿ. ನೂಲು ಸ್ವಲ್ಪ ಬಣ್ಣ ಬಿಟ್ಟಿದೆ, ಗಂಟು ಸಡಿಲವಾಗಿಲ್ಲ. ಆ ಐದನ್ನು ಕಾಗದದಲ್ಲಿ ಸುತ್ತಿದ್ದಾರೆ. ಅದಲ್ಲದೆ ಇನ್ನೊಂದು ಬದಿಯಲ್ಲಿ ಕಟ್ಟದ ಕಡ್ಡಿಗಳಿವೆ. ನೀವು ವಿಮಾನ ಹತ್ತಿದ ಮರುದಿನದಿಂದ ಮತ್ತೆ ಶುರು ಮಾಡಿದ್ದು. ಇದು ಯಾವ ಲೆಕ್ಕ ಉಮ್ಮಾ ಎಂದು ಆಗ ಕೇಳಿದ್ದೆ. "ಜನವರಿಗೆ ಅಬ್ಬನಿಗೆ ಹೊಸ ಲೆಕ್ಕ ಸಿಗುತ್ತದಲ್ಲ, ಅಲ್ಲಿಯವರೆಗಿನದು. ಇನ್ನು ಏಳೂವರೆ ಕಟ್ಟು ಆಗಬಹುದು, ಅಷ್ಟು ತಡೆದುಕೊಂಡರೆ ಬರುತ್ತಾರೆ" ಎಂದರು. ಎಣಿಸಿ ನೋಡಿದೆ, ಹದಿನೆಂಟು ಇವೆ. ಕೊನೆಯ ಮೂರು ದಿನ ಉಮ್ಮನಿಗೆ ಎಚ್ಚರ ಇರಲಿಲ್ಲ, ನನಗೆ ಕಡ್ಡಿ ಇಡಬೇಕೆಂದು ತೋಚಲಿಲ್ಲ.

ಇದನ್ನು ನಿಮಗೆ ನೋವಾಗಲಿ ಎಂದೇ ಬರೆದೆ. ಬರೆದ ಮೇಲೆ ನನಗೂ ಆಯಿತು.

ಫಾರಂ ತುಂಬಿಸಿ ಆಗಿದೆ. ಎರಡನೆಯ ನಂಬರು. ನಿವಾಸಿ ಅಲ್ಲ ಎಂಬಲ್ಲಿ ಗುರುತು ಹಾಕಿದ್ದೇನೆ, ಮಾರ್ಚಿನವರೆಗೆ ಅದು ಸತ್ಯ. ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ನಿಜ ಎಂದು ನೀವು ಬರೆದುಕೊಡಬೇಕು. ಅದರ ಕೆಳಗೆ ಸಹಿ, ತಾರೀಕು, ಸ್ಥಳ. ಸಹಿ ಮತ್ತು ತಾರೀಕು ಖಾಲಿ ಬಿಟ್ಟಿದ್ದೇನೆ. ಸ್ಥಳದಲ್ಲಿ ಫರಂಗಿಪೇಟೆ ಎಂದು ಶಾಯಿಯಲ್ಲಿ ಬರೆದಿದ್ದೇನೆ. ಬರೆದದ್ದನ್ನು ಹೊಡೆದು ಹಾಕಿದರೆ ಲಿಡ್ವಿನ್ ಸರ್ ಒಪ್ಪುವುದಿಲ್ಲ, ನನ್ನ ಹತ್ತಿರ ಬೇರೆ ಫಾರಂ ಇಲ್ಲ.

ಅಂಚೆಯಲ್ಲಿ ಕಳಿಸುವುದಿಲ್ಲ. ಮೂವತ್ತೊಂದು ಕೊನೆಯ ದಿನ.

ಮುಬೀನ

*

ಅಬೂಧಾಬಿ
19 ಜುಲೈ 2007

ಮುಬೀನ ಮಗಳೇ,

ಇವತ್ತು ಅವಳು ಹೋದ ದಿನ. ಅವಳಿಗಾಗಿ ಕುರ್‌ಆನಿನ ಯಾಸೀನ್ ಓದಿದೆ. ಪ್ರತಿ ವರ್ಷ ಓದುತ್ತೇನೆ, ರೂಮಿನಲ್ಲಿ ಯಾರಿಗೂ ಯಾಕೆಂದು ಹೇಳಿರಲಿಲ್ಲ. ಇವತ್ತು ಹಂಝನಿಗೆ ಎಲ್ಲ ಹೇಳಿದೆ. ಅವನು, "ನನ್ನ ಬಾಯಿಂದ ಬಂದ ಮಾತಲ್ಲವಾ ಅದು" ಎಂದು ಹೇಳಿ ಅತ್ತ. ನಾಳೆ ಊರಿಗೆ ಹೋಗುವ ನಮ್ಮ ಕಡೆಯವರೊಬ್ಬರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಅಹ್ಮದನ ಕಾಗದಕ್ಕೆ ಸಹಿ ಹಾಕಲಿಲ್ಲ. ವೀಸಾ ರದ್ದು ಮಾಡಲು ಬೇರೆ ಕಾಗದ ಇದೆ, ಅದಕ್ಕೆ ಹಾಕಿದೆ. ಪಾಸ್‌ಪೋರ್ಟನ್ನು ಕೈಗೆ ಕೊಡುವಾಗ ಅವನು ಎದ್ದು ನಿಂತು ಕೊಟ್ಟ. ಇಪ್ಪತ್ತೇಳು, ಶುಕ್ರವಾರ, ದುಬೈಯಿಂದ. ಈಗ ನೇರ ಮಂಗಳೂರಿಗೇ ಇಳಿಯುತ್ತದೆ, ಬೊಂಬಾಯಿಯಲ್ಲಿ ಒಂದು ದಿನ ಕಳೆಯಬೇಕಾಗಿಲ್ಲ.

ನಿನ್ನ ಸಿಟ್ಟನ್ನು ಬಿಡು ಎಂದು ನಾನು ಹೇಳುವುದಿಲ್ಲ. ಅದನ್ನು ಇಟ್ಟುಕೊಂಡೇ ಒಂದು ತಟ್ಟೆ ಅನ್ನ ಹಾಕು. ಬೆಂಚನ್ನು ಚಾವಡಿಯಿಂದ ತೆಗೆಸು, ಅದು ಅಲ್ಲೇ ಇದ್ದರೆ ನಾನು ಮತ್ತೆ ಅದರಲ್ಲೇ ಮಲಗುವವನು. ನನ್ನ ಗುಣ ನನಗೆ ಗೊತ್ತು. ಆ ಕೋಣೆಯಲ್ಲಿ ಮೊದಲ ದಿನ ಹತ್ತು ನಿಮಿಷ ಕೂತರೆ ಹೆಚ್ಚು. ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಟರೆ ಕರೆದು ಕೂರಿಸು, ದೊಡ್ಡವರು ಎಂದು ನೋಡಬೇಡ.

ಸಹಿ ಮಾಡಲು ನನ್ನ ಪೆನ್ನು ತರುತ್ತೇನೆ. ತಾರೀಕು ಅಲ್ಲಿಯೇ ಹಾಕುವ.

ಇನ್ನು ಎಣಿಕೆಯ ಕೆಲಸ ನನಗೆ ಬೇಡ, ನೀನೇ ಇಟ್ಟುಕೋ. ಮನೆಯಲ್ಲಿ ಬೀಡಿ ನೂಲು ಇಲ್ಲದಿದ್ದರೆ ಮಾಮಿಗೆ ಹೇಳಿ ತರಿಸು. ಹಿಡಿಸೂಡಿಯಿಂದ ಒಂದು ಕಡ್ಡಿಯನ್ನು ಅವಳು ಮುರಿಯುತ್ತಿದ್ದ ಉದ್ದಕ್ಕೇ ಮುರಿದು, ನಾನು ಬಂದ ದಿನ ಆ ಹದಿನೆಂಟರ ಪಕ್ಕದಲ್ಲಿ ಹತ್ತೊಂಬತ್ತನೆಯದಾಗಿ ಇಡು.

ಅಬ್ಬ